ದೊಡ್ಡ ವೇಷದೊಳಗಿನ ಪುಕ್ಕಲ

1956ರ ಜನವರಿ 3ರಂದು ಮಯಾಮಿಯ ಕೋಕೊನಟ್ ಗ್ರೋವ್ ಪ್ಲೇಹೌಸ್‌ನಲ್ಲಿ ಸ್ಯಾಮ್ಯುಯೆಲ್ ಬೆಕೆಟ್‌ನ 'ವೇಟಿಂಗ್ ಫಾರ್ ಗೋಡೋ' ಅಮೆರಿಕದಲ್ಲಿ ಮೊದಲ ಸಲ ರಂಗಕ್ಕೇರಿತು. ಹಳೆಯ ಸಿನಿಮಾ ಥಿಯೇಟರೊಂದನ್ನು ನಾಟಕಶಾಲೆಯಾಗಿ ಮಾರ್ಪಡಿಸಿ, ಅದರ ಪ್ರಾರಂಭೋತ್ಸವಕ್ಕೆ ಈ ನಾಟಕವನ್ನು ಇಟ್ಟುಕೊಂಡಿದ್ದರು. ಎರಡು ಖಂಡಗಳನ್ನು ನಗಿಸಿ ಬಂದ ನಾಟಕ ಎಂದು ಜಾಹೀರಾತಿನಲ್ಲಿ ಸಾರಲಾಗಿತ್ತು. ಚಳಿಗಾಲ ಕಳೆಯಲು ಮಯಾಮಿಗೆ ಬಂದಿದ್ದ ಉಳ್ಳವರು ನಗಲೆಂದೇ ಬಂದು ಕೂತರು. ಮಧ್ಯಂತರದ ಹೊತ್ತಿಗೆ ಬಹಳಷ್ಟು ಮಂದಿ ಎದ್ದು ಹೋದರು. ಎಸ್ಟ್ರಗಾನನ ಪಾತ್ರದಲ್ಲಿದ್ದವನು ಅರವತ್ತು ವರ್ಷದ ಹಾಸ್ಯನಟ ಬರ್ಟ್ ಲಾರ್.

ಏಪ್ರಿಲ್‌ನಲ್ಲಿ ಲಾರ್ ಇದೇ ಪಾತ್ರವನ್ನು ಬ್ರಾಡ್‌ವೇಯಲ್ಲಿ ಮಾಡಿದ. ನವೆಂಬರ್ 3ರಂದು ಸಿಬಿಎಸ್ ವಾಹಿನಿ 1939ರ 'ದಿ ವಿಝರ್ಡ್ ಆಫ್ ಓಝ್' ಚಿತ್ರವನ್ನು ಮೊದಲ ಸಲ ಟಿವಿಯಲ್ಲಿ ತೋರಿಸಿತು. ಆ ರಾತ್ರಿ ಚಿತ್ರವನ್ನು ಪರಿಚಯಿಸಲು ಬಂದವನೂ ಲಾರ್. ಪಕ್ಕದಲ್ಲಿ ಜೂಡಿ ಗಾರ್ಲೆಂಡ್‌ಳ ಮಗಳು, ಹತ್ತು ವರ್ಷದ ಲೈಜಾ ಮಿನೆಲಿ. ಆ ಚಿತ್ರದ ಪುಕ್ಕಲು ಸಿಂಹ ಲಾರ್. ಹೀಗೆ ಒಂದೇ ವರ್ಷದಲ್ಲಿ, ಒಂದೇ ದೇಹ ಮತ್ತು ಒಂದೇ ಗಂಟಲು ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಸಿದ್ಧ ಮಕ್ಕಳ ಚಿತ್ರಕ್ಕೂ ಅತ್ಯಂತ ಚರ್ಚಿತ ನಾಟಕಕ್ಕೂ ದುಡಿದವು.

ಈ ಕಾಕತಾಳೀಯವನ್ನು ಸಾಮಾನ್ಯವಾಗಿ ಹೇಳುವ ಬಗೆಯೊಂದಿದೆ. ಚಾಪಲ್ಯದ ಹಾಸ್ಯ ಮಾಡಿಕೊಂಡಿದ್ದ ಒಬ್ಬ ಹಳೆಯ ಕೋಡಂಗಿ, ಅದೃಷ್ಟವಶಾತ್ ಬೆಕೆಟ್‌ನ ಕೈಗೆ ಸಿಕ್ಕು ಕೊನೆಗಾಲದಲ್ಲಿ ಕಲಾವಿದನಾದ ಎಂಬುದು ಆ ಬಗೆ. ಸಾಹಿತ್ಯ ಮೇಲೆ, ನಗೆ ಕೆಳಗೆ. ಸಾಹಿತ್ಯ ಕೈ ಚಾಚಿ ನಗೆಯನ್ನು ಮೇಲೆತ್ತಿತು. ನನಗೆ ಈ ಕಥೆಯ ಮೇಲೆ ತಕರಾರಿದೆ. ಲಾರ್‌ನ ಕೆಲಸವನ್ನು ಮೊದಲಿನಿಂದ ನೋಡುತ್ತ ಬಂದರೆ, ಬೆಕೆಟ್ ಅವನಿಗೆ ಹೊಸದಾಗಿ ಏನನ್ನೂ ಕೊಡಲಿಲ್ಲ ಅನಿಸುತ್ತದೆ. ಅವನಲ್ಲಿದ್ದ ಒಂದು ವಸ್ತುವನ್ನು ಮಾತ್ರ ಕಿತ್ತುಕೊಂಡ. ಆ ವಸ್ತು ವೇಷ.

ನಮ್ಮ ತರಗತಿಗಳಲ್ಲಿ ಗೋಡೋ ಬರುವುದು 'ಅಸಂಗತ ನಾಟಕ' ಎಂಬ ಘಟಕದ ಮೂಲಕ. ಲಂಕೇಶರ 'ತೆರೆಗಳು', ಚಂದ್ರಶೇಖರ ಪಾಟೀಲರ 'ಕೊಡೆಗಳು' ಓದುವಾಗ ಹಿನ್ನೆಲೆಯಲ್ಲಿ ಬೆಕೆಟ್ ನಿಂತೇ ಇರುತ್ತಾನೆ; ಅವನ ಹಿಂದೆ ಕಮೂ, ಅಸ್ತಿತ್ವವಾದ, ಯುದ್ಧಾನಂತರದ ಯುರೋಪು. ಮಾರ್ಟಿನ್ ಎಸ್ಲಿನ್ 1961ರಲ್ಲಿ ಬರೆದ ಪುಸ್ತಕದಿಂದ ನಾವೆಲ್ಲ ಕಲಿತ ದಾರಿ ಇದು. ಎಸ್ಲಿನ್ ತನ್ನ ಪುಸ್ತಕವನ್ನು ಆರಂಭಿಸುವುದು 1957ರಲ್ಲಿ ಸ್ಯಾನ್ ಕ್ವೆಂಟಿನ್ ಜೈಲಿನ ಕೈದಿಗಳ ಮುಂದೆ ನಡೆದ ಗೋಡೋ ಪ್ರದರ್ಶನದಿಂದ. ಪಂಡಿತರಿಗೆ ಅರ್ಥವಾಗದ್ದು ಕೈದಿಗಳಿಗೆ ಥಟ್ಟನೆ ಅರ್ಥವಾಯಿತು ಎಂಬ ಆ ಪ್ರಸಂಗ ಎಷ್ಟು ಸೆಮಿನಾರುಗಳಲ್ಲಿ ಪುನರಾವರ್ತನೆಯಾಗಿದೆಯೋ ಲೆಕ್ಕವಿಲ್ಲ. ಅದೇ ಪುಸ್ತಕದಲ್ಲಿ ಮುಂದೆ ಅಸಂಗತ ರಂಗಭೂಮಿಯ ಪರಂಪರೆಯನ್ನು ಹುಡುಕುವ ಅಧ್ಯಾಯವಿದೆ. ಅಲ್ಲಿ ಎಸ್ಲಿನ್ ವಿದೂಷಕರನ್ನು, ಮ್ಯೂಸಿಕ್ ಹಾಲ್ ಮತ್ತು ವಾಡೆವಿಲ್ ಹಾಸ್ಯಗಾರರನ್ನು, ಮೂಕಿಚಿತ್ರಗಳ ಹಾಸ್ಯವನ್ನು ಈ ನಾಟಕಗಳ ಪೂರ್ವಜರೆಂದು ಸ್ಪಷ್ಟವಾಗಿ ಹೇಳುತ್ತಾನೆ. ಆ ಅಧ್ಯಾಯ ನಮ್ಮ ನೋಟ್ಸ್‌ಗಳಿಗೆ ಇಳಿದಿಲ್ಲ. ತತ್ತ್ವಶಾಸ್ತ್ರದ ಪೂರ್ವಜರು ಉಳಿದರು, ಮುಖಕ್ಕೆ ಬಣ್ಣ ಬಳಿದುಕೊಂಡ ಪೂರ್ವಜರು ಬಿಟ್ಟುಹೋದರು.

ಬರ್ಟ್ ಲಾರ್ ಹುಟ್ಟಿದ್ದು 1895ರಲ್ಲಿ, ನ್ಯೂಯಾರ್ಕಿನ ಯಾರ್ಕ್‌ವಿಲ್‌ನಲ್ಲಿ. ಮೂಲ ಹೆಸರು ಇರ್ವಿಂಗ್ ಲಾರ್‌ಹೈಮ್. ಜರ್ಮನಿಯಿಂದ ವಲಸೆ ಬಂದ ಯಹೂದಿ ಕುಟುಂಬ. ಅಪ್ಪ ಕುರ್ಚಿ ಸೋಫಾಗಳಿಗೆ ಮೆತ್ತೆ ಕಟ್ಟುವವನು. ಶಾಲೆ ಹಿಡಿಸಲಿಲ್ಲ. ಹದಿಹರೆಯದಲ್ಲೇ ಹುಡುಗರ ಹಾಸ್ಯತಂಡವೊಂದನ್ನು ಸೇರಿ, ಅಲ್ಲಿಂದ ಬರ್ಲೆಸ್ಕ್‌ಗೆ ಹೋದ. ಬರ್ಲೆಸ್ಕ್ ಎಂದರೆ ಇವತ್ತಿನ ಓದುಗರಿಗೆ ಬಟ್ಟೆ ಕಳಚುವ ಕುಣಿತವೊಂದೇ ನೆನಪಾಗುತ್ತದೆ. ಲಾರ್ ಅಲ್ಲಿಗೆ ಹೋದ ಕಾಲಕ್ಕೆ ಅದು ದುಡಿಯುವ ಜನರ ಅಗ್ಗದ ಮನರಂಜನೆ: ಹಾಡು, ಕುಣಿತ, ನಡುನಡುವೆ ಹಾಸ್ಯದ ತುಣುಕುಗಳು. ಊರಿಂದೂರಿಗೆ ತಿರುಗಾಟ, ದಿನಕ್ಕೆ ಎರಡು ಆಟ. ನಟನೆ ಕಲಿಸುವವರು ಯಾರೂ ಇಲ್ಲ. ನಗದ ಪ್ರೇಕ್ಷಕನೇ ಗುರು.

ಅಲ್ಲಿ ಹಾಸ್ಯಗಾರರಿಗೂ ಶ್ರೇಣಿಯಿತ್ತು. ಪ್ರಧಾನ ಹಾಸ್ಯಗಾರನನ್ನು 'ಟಾಪ್ ಬನಾನ' ಎನ್ನುತ್ತಿದ್ದರು. ಅವನ ಎದುರಿಗೆ ಗಂಭೀರ ಮುಖದ 'ಸ್ಟ್ರೇಟ್‌ಮ್ಯಾನ್'. ಇವನ ಕೆಲಸ ಪ್ರಶ್ನೆ ಕೇಳುವುದು, ನೆನಪಿಸುವುದು, ದಾರಿಗೆ ತರುವುದು. ಅವನ ಕೆಲಸ ದಾರಿ ತಪ್ಪುವುದು. ಗೋಡೋ ಓದಿದವರಿಗೆ ಈ ಜೋಡಿ ಎಲ್ಲೋ ಕಂಡಂತಿದೆಯಲ್ಲ ಅನಿಸಬೇಕು. ಹೋಗೋಣ ಎನ್ನುವ ಎಸ್ಟ್ರಗಾನನಿಗೆ ಯಾಕೆ ಹೋಗುವಂತಿಲ್ಲ ಎಂದು ಪ್ರತಿ ಸಲ ನೆನಪಿಸುವವನು ವ್ಲಾದಿಮೀರ್. ನೆನಪಾದಾಗಲೆಲ್ಲ ಎಸ್ಟ್ರಗಾನನ ಬಾಯಿಂದ ಒಂದು ಸಣ್ಣ ಉದ್ಗಾರ ಹೊರಡುತ್ತದೆ. ಪುಟದ ಮೇಲೆ ಅದು ಒಂದಕ್ಷರ. ರಂಗದ ಮೇಲೆ ಪ್ರತಿ ಸಲವೂ ಅದು ಬೇರೆಯಾಗಿ ಕೇಳಬೇಕು, ಆದರೂ ಹಿಂದಿನದರ ನೆನಪು ಮಾಡಬೇಕು. ಸಾವಿರಾರು ರಾತ್ರಿ ಒಂದೇ ತಮಾಷೆಯನ್ನು ಹೊಸ ಜನರೆದುರು ಹೊಸದಾಗಿಸಿದವನಿಗೆ ಇದು ಕಸುಬು.

ಬರ್ಲೆಸ್ಕ್‌ನಿಂದ ವಾಡೆವಿಲ್‌ಗೆ ಬಂದಾಗ ಲಾರ್‌ಗೆ ಹೆಸರು ತಂದದ್ದು ಒಬ್ಬ ಪೋಲೀಸಿನವನ ಪಾತ್ರ. ಮೈಗೆ ಹೊಂದದ ದೊಗಲೆ ಸಮವಸ್ತ್ರ, ತಲೆಗೇರಿದ ಅಮಲು. ಕುಣಿಯುವ ಹೆಣ್ಣೊಬ್ಬಳನ್ನು ಬಂಧಿಸಲು ಬಂದು ತಾನೇ ಪೇಚಿಗೆ ಸಿಕ್ಕಿಕೊಳ್ಳುತ್ತಾನೆ. ಕುಣಿಯುವವಳಾಗಿದ್ದವಳು ಅವನ ಜೊತೆಗಾತಿ, ಮುಂದೆ ಹೆಂಡತಿ, ಮರ್ಸಿಡಿಸ್ ಡೆಲ್ಪಿನೊ. ಇಲ್ಲಿಂದ ಶುರುಮಾಡಿ ಅವನ ಪಾತ್ರಗಳನ್ನು ಸಾಲಾಗಿ ನೋಡಿ. 1928ರ 'ಹೋಲ್ಡ್ ಎವ್ರಿಥಿಂಗ್' ಎಂಬ ಸಂಗೀತ ನಾಟಕದಲ್ಲಿ ಬಾಕ್ಸರ್, ಅದೂ ಕೈಲಾಗದ ಬಾಕ್ಸರ್. 1930ರ 'ಫ್ಲೈಯಿಂಗ್ ಹೈ'ನಲ್ಲಿ ವಿಮಾನ ಹಾರಿಸುವವನು. ಕೆಳಗಿಳಿಸುವುದು ಹೇಗೆಂದು ಗೊತ್ತಿಲ್ಲದ್ದರಿಂದಲೇ ಆಕಾಶದಲ್ಲಿ ಅತಿ ಹೆಚ್ಚು ಹೊತ್ತು ಉಳಿದು ದಾಖಲೆ ಮಾಡುತ್ತಾನೆ. 1936ರ 'ದಿ ಶೋ ಈಸ್ ಆನ್'ನಲ್ಲಿ ಮರ ಕಡಿಯುವ ಶೂರನ ವೇಷ ತೊಟ್ಟು ಭಾರೀ ಗಾಂಭೀರ್ಯದಿಂದ ಹಾಡುತ್ತಾನೆ, ಪಕ್ಕದ ಪರದೆಯ ಹಿಂದಿನಿಂದ ಯಾರೋ ಅವನ ಮೇಲೆ ಮರದ ಚಕ್ಕೆ ಎಸೆಯುತ್ತಿರುತ್ತಾರೆ. 1939ರ ಕೊನೆಗೆ ಬಂದ 'ಡುಬಾರಿ ವಾಸ್ ಎ ಲೇಡಿ'ಯಲ್ಲಿ ನೈಟ್‌ಕ್ಲಬ್ಬಿನ ಶೌಚಾಲಯ ನೋಡಿಕೊಳ್ಳುವ ನೌಕರ. ಕನಸಿನಲ್ಲಿ ಫ್ರಾನ್ಸಿನ ಹದಿನೈದನೆಯ ಲೂಯಿ ದೊರೆಯಾಗುತ್ತಾನೆ. 1954ರ 'ರೋಸ್ ಮೇರಿ' ಚಿತ್ರದಲ್ಲಿ ಮತ್ತೆ ಪೋಲೀಸ್, ಈ ಸಲ ಕೆನಡಾದ ಕುದುರೆ ಪೋಲೀಸ್, ಒಬ್ಬ ಅಪರಾಧಿಯನ್ನೂ ಹಿಡಿಯಲಾಗದವನು.

ಪೋಲೀಸ್, ಬಾಕ್ಸರ್, ವಿಮಾನ ಚಾಲಕ, ದೊರೆ. ಎಲ್ಲವೂ ಧೈರ್ಯದ, ಅಧಿಕಾರದ ವೇಷಗಳು. ಒಳಗಿರುವವನು ಮಾತ್ರ ಪ್ರತಿ ಸಲ ಅದೇ ಮನುಷ್ಯ, ಈ ವೇಷ ತನಗೆ ಹೊಂದುವುದಿಲ್ಲ ಎಂದು ಎಲ್ಲರಿಗಿಂತ ಮೊದಲೇ ತಿಳಿದವನು. ಲಾರ್‌ನ ಹಾಸ್ಯದ ಮೂಲ ಯಂತ್ರ ಇಷ್ಟೇ. ಈ ಯಂತ್ರ ಸರಳ, ಅದನ್ನು ನಡೆಸುವ ನುಡಿಸಾಣಿಕೆ ಸರಳವಲ್ಲ. ಚಾಪ್ಲಿನ್‌ನ ಅಲೆಮಾರಿ ಬಡವನಾದರೂ ಬೀಗುತ್ತಾನೆ. ಕೀಟನ್‌ನ ಮುಖ ಜಗತ್ತೇ ಬಿದ್ದರೂ ಅಲುಗುವುದಿಲ್ಲ. ಲಾರ್‌ನ ಮುಖದಲ್ಲಿ ಎಲ್ಲವೂ ಸೋರುತ್ತದೆ. ಹುಬ್ಬು, ಮೂಗು, ಕೆಳದುಟಿ ಒಂದೊಂದೂ ಬೇರೆ ಬೇರೆ ದಿಕ್ಕಿಗೆ ಓಡಿಹೋಗಲು ಹವಣಿಸುತ್ತಿರುವಂತೆ ಕಾಣುತ್ತವೆ.

ಹಾಗಾಗಿ ಎಂಜಿಎಂ ಸ್ಟುಡಿಯೋ ಅವನಿಗೆ ಸಿಂಹದ ಪಾತ್ರ ಕೊಟ್ಟಾಗ ಅದು ಅವನಿಗೆ ಹೊಸ ಪಾತ್ರವಾಗಿರಲಿಲ್ಲ. ಅವನ ಹಳೆಯ ಪಾತ್ರಕ್ಕೆ ಸಿಕ್ಕ ಅತಿ ದೊಡ್ಡ ವೇಷವಾಗಿತ್ತು. ನಿಜವಾದ ಸಿಂಹದ ಚರ್ಮದಿಂದ ಹೊಲಿದ ಉಡುಗೆ ಅದು. ಟೆಕ್ನಿಕಲರ್ ಚಿತ್ರೀಕರಣಕ್ಕೆ ಬೇಕಾದ ಪ್ರಖರ ದೀಪಗಳ ಕೆಳಗೆ ಅದರೊಳಗೆ ಮನುಷ್ಯ ಬೇಯುತ್ತಿದ್ದ. ಬಾಲವನ್ನು ಮೇಲಿನಿಂದ ದಾರ ಕಟ್ಟಿ ಇನ್ನೊಬ್ಬ ಆಡಿಸುತ್ತಿದ್ದ. ಮುಖದ ಮೇಲೆ ಅಂಟಿಸಿದ ಮೇಕಪ್ಪಿನಿಂದಾಗಿ ಸರಿಯಾಗಿ ಊಟ ಮಾಡುವುದಕ್ಕೂ ಆಗುತ್ತಿರಲಿಲ್ಲ.

ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಮೂಲ ಕಾದಂಬರಿಯಲ್ಲೂ ಪುಕ್ಕಲು ಸಿಂಹವಿದೆ. ಆದರೆ ಅದು ನಿಜವಾದ ಸಿಂಹ. ತನಗೆ ಧೈರ್ಯವಿಲ್ಲ ಎಂದುಕೊಂಡಿರುತ್ತದೆ, ಸಮಯ ಬಂದಾಗ ಹೋರಾಡುತ್ತದೆ, ಕೊನೆಯಲ್ಲಿ ದೈತ್ಯ ಜೇಡವೊಂದನ್ನು ಕೊಂದು ಕಾಡಿನ ಪ್ರಾಣಿಗಳಿಗೆ ರಾಜನಾಗುತ್ತದೆ. ಧೈರ್ಯ ನಿನ್ನೊಳಗೇ ಇತ್ತು ಎಂಬ ನೀತಿಗೆ ಅದು ಸರಿಹೋಗುತ್ತದೆ. ಚಿತ್ರದ ಕಥೆಯೂ ಮೇಲ್ನೋಟಕ್ಕೆ ಅದನ್ನೇ ಹೇಳುತ್ತದೆ. ಮಾಂತ್ರಿಕ ಸಿಂಹಕ್ಕೆ ಒಂದು ಪದಕ ಕೊಡುತ್ತಾನೆ, ಸಿಂಹ ಹಿಗ್ಗುತ್ತದೆ. ಆದರೆ ಲಾರ್‌ನನ್ನು ನೋಡುವಾಗ ಈ ಪದಕವನ್ನು ಯಾರಾದರೂ ನಂಬುತ್ತಾರೆಯೇ? ಅವನ ಮೊದಲ ಪ್ರವೇಶವನ್ನು ನೆನಪಿಸಿಕೊಳ್ಳಿ. ಪೊದೆಯಿಂದ ಹಾರಿಬಂದು ಗರ್ಜಿಸುತ್ತಾನೆ, ಮುಷ್ಟಿ ಬಿಗಿದು ಬಾಕ್ಸರನಂತೆ ಕುಣಿಯುತ್ತಾನೆ, ಪುಟ್ಟ ನಾಯಿಯನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಡೊರೊಥಿ ಕೆನ್ನೆಗೆ ಒಂದು ಕೊಟ್ಟ ಕೂಡಲೇ ಗರ್ಜನೆ ಅಳುವಾಗುತ್ತದೆ. ಗರ್ಜನೆಯಿಂದ ಅಳುವಿಗೆ ಜಾರುವಲ್ಲಿ ಎಲ್ಲೂ ಹೊಲಿಗೆ ಕಾಣುವುದಿಲ್ಲ. ಗರ್ಜನೆ ಮೊದಲಿನಿಂದಲೂ ಅಳುವೇ ಆಗಿತ್ತು ಎಂದು ಆಮೇಲೆ ಹೊಳೆಯುತ್ತದೆ.

ಎಮರಾಲ್ಡ್ ನಗರದಲ್ಲಿ ಸಿಂಹ ತಾನು ರಾಜನಾದರೆ ಹೇಗಿರುತ್ತೇನೆಂದು ಹಾಡುವ ದೃಶ್ಯ ನನ್ನ ಮಟ್ಟಿಗೆ ಇಡೀ ಚಿತ್ರದ ಶಿಖರ. ಹೆರಾಲ್ಡ್ ಆರ್ಲೆನ್ ಮತ್ತು ಯಿಪ್ ಹಾರ್ಬರ್ಗ್ ಬರೆದ ಹಾಡು. ಮರ ಕಡಿಯುವವನ ಹಾಡನ್ನು ಲಾರ್‌ಗಾಗಿ ಬರೆದುಕೊಟ್ಟ ಜೋಡಿಯೂ ಅದೇ. ನೆಲಕ್ಕೆ ಹಾಸಿದ ಹಸಿರು ಕಂಬಳಿ ರಾಜನ ನಿಲುವಂಗಿಯಾಗುತ್ತದೆ, ಒಡೆದ ಹೂಕುಂಡ ಕಿರೀಟವಾಗುತ್ತದೆ. ಲಾರ್ ಆಪೆರಾ ಗಾಯಕರನ್ನು ಅಣಕಿಸುತ್ತ ಸ್ವರವನ್ನು ಎಳೆಯುತ್ತಾನೆ, ನಡುಗಿಸುತ್ತಾನೆ. ನಡುಗುವ ಸ್ವರ ಆಪೆರಾದಲ್ಲಿ ಸಾಮರ್ಥ್ಯದ ಗುರುತು. ಲಾರ್‌ನ ಗಂಟಲಲ್ಲಿ ಅದೇ ನಡುಕ ಭಯದ ಗುರುತೂ ಹೌದು. ರಾಜಗಾಂಭೀರ್ಯವನ್ನೂ ಕಾಲುನಡುಕವನ್ನೂ ಒಂದೇ ಸ್ವರದಲ್ಲಿ ಹಿಡಿದಿಡುವ ಈ ಕೆಲಸವನ್ನು ಅಣಕ ಎಂದು ಕರೆದು ಮುಂದೆ ಹೋಗುವುದು ಸೋಮಾರಿತನ.

ಚಿತ್ರ ಬಂದ ಮೇಲೆ ಹಾಲಿವುಡ್ಡಿಗೆ ಅವನನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಸಿಂಹಗಳಿಗೆ ಪಾತ್ರ ಎಷ್ಟು ಸಿಕ್ಕೀತು ಎಂದು ಅವನೇ ಗೇಲಿ ಮಾಡಿಕೊಳ್ಳುತ್ತಿದ್ದ. ನಾಯಕನ ಗೆಳೆಯ, ನಾಯಕಿಯ ಮ್ಯಾನೇಜರ್ ಇಂಥ ಪೋಷಕ ಪಾತ್ರಗಳು ಬಂದವು, ಹೋದವು. ಲಾರ್‌ನಂಥವರಿಗೆ ಸಿನಿಮಾ ಅಷ್ಟು ಹಿತವಾದ ಜಾಗವಲ್ಲ. ಕ್ಯಾಮೆರಾಕ್ಕೆ ಸಣ್ಣ ಚಲನೆ ಸಾಕು. ಬಾಲ್ಕನಿಯ ಕೊನೆಯ ಸಾಲಿಗೆ ತಲುಪಲೆಂದು ತಯಾರಾದ ಮುಖ ಹತ್ತಿರದ ಶಾಟ್‌ನಲ್ಲಿ ಚೌಕಟ್ಟನ್ನೇ ಒಡೆದುಬಿಡುತ್ತದೆ. ಸಿಂಹದ ಮೇಕಪ್ ಅವನನ್ನು ಕಾಪಾಡಿದ್ದು ಇದೇ ಕಾರಣಕ್ಕೆ. ಅಷ್ಟು ದಪ್ಪ ಪದರದ ಹಿಂದಿನಿಂದ ಬಂದದ್ದರಿಂದ ಅವನ ಅತಿ ಹದವಾಗಿ ಕಂಡಿತು.

ಈಗ ಮಯಾಮಿಗೆ ಮರಳೋಣ. ನಿರ್ದೇಶಕ ಅಲನ್ ಶ್ನೈಡರ್ ಯುವಕ, ಗಂಭೀರ, ಪ್ಯಾರಿಸ್ಸಿಗೆ ಹೋಗಿ ಬೆಕೆಟ್‌ನನ್ನೇ ಕಂಡು ಬಂದವನು. ವ್ಲಾದಿಮೀರನಾಗಿದ್ದವನು 'ದಿ ಸೆವೆನ್ ಇಯರ್ ಇಚ್' ಖ್ಯಾತಿಯ ಟಾಮ್ ಯುವೆಲ್. ಲಾರ್‌ಗೆ ನಾಟಕ ಪೂರ್ತಿ ಅರ್ಥವಾಗಿರಲಿಲ್ಲ, ಅದನ್ನು ಅವನು ಮುಚ್ಚಿಟ್ಟುಕೊಳ್ಳಲೂ ಇಲ್ಲ. ಆದರೆ ಓದಿದ ಕೂಡಲೇ ಅವನಿಗೆ ಒಂದು ತಿಳಿದಿತ್ತು: ಇಲ್ಲಿ ಟಾಪ್ ಬನಾನ ತಾನು. ಯುವೆಲ್ ತನ್ನ ಸ್ಟ್ರೇಟ್‌ಮ್ಯಾನ್. ಶ್ನೈಡರ್‌ಗೆ ಇದು ನುಂಗಲಾಗದ ತುತ್ತಾಯಿತು. ಇಬ್ಬರೂ ಸಮಾನರು, ನಾಟಕ ನಿಂತಿರುವುದೇ ಆ ತಕ್ಕಡಿಯ ಮೇಲೆ ಎಂಬುದು ಅವನ ವಾದ. ತಾಲೀಮು ಕುಸ್ತಿಯಾಯಿತು, ಶ್ನೈಡರ್ ತನ್ನ ಆತ್ಮಕಥೆಯಲ್ಲಿ ಇದನ್ನು ನೋವಿನಿಂದಲೇ ಬರೆದಿದ್ದಾನೆ. ಪ್ರದರ್ಶನ ಬಿದ್ದ ಮೇಲೆ ಬೆಕೆಟ್ ಅವನಿಗೆ ಸಮಾಧಾನದ ಪತ್ರ ಬರೆದ. ಸೋಲು ತನಗೆ ಗೆಲುವಿಗಿಂತ ಪರಿಚಿತ ನೆಲ ಎಂಬುದು ಅದರ ಧಾಟಿ.

ಈ ಜಗಳದಲ್ಲಿ ವಿಮರ್ಶಕರು ಸಾಮಾನ್ಯವಾಗಿ ಶ್ನೈಡರ್‌ನ ಪಕ್ಷ. ಒಬ್ಬನಿಗೆ ನಾಟಕದ ಚಿಂತೆ, ಇನ್ನೊಬ್ಬನಿಗೆ ತನ್ನ ನಗೆಯ ಚಿಂತೆ ಎಂದು ತೀರ್ಪು ಕೊಡುವುದು ಸುಲಭ. ಆದರೆ ಬೆಕೆಟ್‌ನಿಗೆ ಎಂಥ ನಟ ಬೇಕಿತ್ತು ಎನ್ನುವುದಕ್ಕೆ ಪ್ಯಾರಿಸ್ಸಿನದೇ ಒಂದು ಸಾಕ್ಷ್ಯವಿದೆ. ನಾಟಕದ ಕೊನೆಯಲ್ಲಿ ನೇಣು ಹಾಕಿಕೊಳ್ಳಲು ಹಗ್ಗ ಬೇಕೆಂದು ಎಸ್ಟ್ರಗಾನ್ ಸೊಂಟಕ್ಕೆ ಕಟ್ಟಿದ ದಾರವನ್ನು ಬಿಚ್ಚುತ್ತಾನೆ, ಪ್ಯಾಂಟು ಕಾಲಿನ ಬುಡಕ್ಕೆ ಜಾರಿಬೀಳುತ್ತದೆ. 1953ರ ಮೊದಲ ಪ್ರದರ್ಶನಗಳಲ್ಲಿ ಫ್ರೆಂಚ್ ನಟ ಇದಕ್ಕೆ ಹಿಂಜರಿದ, ಪ್ಯಾಂಟು ಪೂರ್ತಿ ಬೀಳದಂತೆ ಹಿಡಿದುಕೊಂಡ. ಸುದ್ದಿ ತಿಳಿದ ಬೆಕೆಟ್ ನಿರ್ದೇಶಕ ರೋಜೆ ಬ್ಲಾನ್‌ಗೆ ಪತ್ರ ಬರೆದು, ಪ್ಯಾಂಟು ಪೂರ್ತಿ ಬೀಳಲೇಬೇಕೆಂದು ಪಟ್ಟುಹಿಡಿದ. ಸಾವಿನ ಮಾತು ಮತ್ತು ಜಾರುವ ಪ್ಯಾಂಟು ಒಟ್ಟಿಗೆ ಬರದಿದ್ದರೆ ಆ ದೃಶ್ಯವೇ ಇಲ್ಲ. ಗಂಭೀರ ನಟನಿಗೆ ನಾಚಿಕೆಯಾದ ಈ ಕ್ರಿಯೆ ಬರ್ಲೆಸ್ಕ್ ನಟನಿಗೆ ಅಆಇಈ. ತತ್ತ್ವವನ್ನು ಅಭಿನಯಿಸುವವರು ಬೆಕೆಟ್‌ನಿಗೆ ಸಿಗುತ್ತಲೇ ಇದ್ದರು. ಪ್ಯಾಂಟು ಬೀಳಿಸಬಲ್ಲವರು ಬೇಕಿತ್ತು.

ಇಲ್ಲಿ ನನ್ನ ಮೊದಲ ಮಾತಿಗೆ ಬರುತ್ತೇನೆ. ನಲವತ್ತು ವರ್ಷ ಲಾರ್ ಸಮವಸ್ತ್ರ, ಕಿರೀಟ, ಸಿಂಹದ ಚರ್ಮ ತೊಟ್ಟು, ಅದರೊಳಗೆ ಒಬ್ಬ ಭಯಗೊಂಡ ಮನುಷ್ಯನಿದ್ದಾನೆ ಎಂದು ತೋರಿಸುತ್ತ ಬಂದ. ವೇಷಕ್ಕೂ ಮನುಷ್ಯನಿಗೂ ನಡುವಿನ ಬಿರುಕಿನಲ್ಲಿ ನಗೆ ಹುಟ್ಟುತ್ತಿತ್ತು. ಎಸ್ಟ್ರಗಾನನಿಗೆ ತೊಡಲು ಅಂಥ ವೇಷವಿಲ್ಲ. ಇರುವುದು ಚಿಂದಿ ಬಟ್ಟೆ, ಕಾಲು ಕಚ್ಚುವ ಬೂಟು, ಹ್ಯಾಟು. ರಾತ್ರಿ ಯಾರೋ ಬಂದು ಹೊಡೆಯುತ್ತಾರೆ, ಯಾಕೆಂದು ಗೊತ್ತಿಲ್ಲ. ಹಸಿವಾಗುತ್ತದೆ, ಒಂದು ಕ್ಯಾರೆಟ್ ಸಿಗುತ್ತದೆ. ಪೋಲೀಸಿನವನ ಬಟ್ಟೆ ಕಳಚಿ, ರಾಜನ ಕಿರೀಟ ತೆಗೆದು, ಸಿಂಹದ ಚರ್ಮ ಸುಲಿದ ಮೇಲೆ ಉಳಿಯುವ ಆಸಾಮಿ ಇವನು. ಭಯ ಹಾಗೇ ಇದೆ, ಅದನ್ನು ನೇತುಹಾಕಲು ಗೂಟ ಮಾತ್ರ ಇಲ್ಲ. ಲಾರ್‌ಗೆ ನಾಟಕ ಬೌದ್ಧಿಕವಾಗಿ ತಿಳಿಯದಿದ್ದರೂ ಕಾಲಿನಿಂದ ತಿಳಿದಿತ್ತು ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ನ್ಯೂಯಾರ್ಕಿನಲ್ಲಿ ನಿರ್ಮಾಪಕ ಮೈಕೆಲ್ ಮೈಯರ್‌ಬರ್ಗ್ ಜಾಹೀರಾತಿನ ಧಾಟಿಯನ್ನೇ ತಿರುವುಮುರುವು ಮಾಡಿದ. ಬರೀ ಮನರಂಜನೆ ಬೇಕಾದವರು ದಯವಿಟ್ಟು ಬರಬೇಡಿ, ಎಪ್ಪತ್ತು ಸಾವಿರ ಬುದ್ಧಿಜೀವಿಗಳು ಬೇಕಾಗಿದ್ದಾರೆ ಎಂಬ ಅರ್ಥದ ಪ್ರಕಟಣೆ ಬಂತು. (ಅಷ್ಟು ಬುದ್ಧಿಜೀವಿಗಳು ಒಂದೇ ಊರಿನಲ್ಲಿ ಸಿಕ್ಕಾರೆಂಬ ಭರವಸೆ ನಿರ್ಮಾಪಕರಿಗೆ ಮಾತ್ರ ಇರಲು ಸಾಧ್ಯ.) ನಿರ್ದೇಶಕ ಬದಲಾಗಿದ್ದ: ಹರ್ಬರ್ಟ್ ಬರ್ಗಾಫ್. ವ್ಲಾದಿಮೀರನಾಗಿ ಇ.ಜಿ. ಮಾರ್ಷಲ್ ಬಂದ, ಲಕ್ಕಿಯಾಗಿ ಆಲ್ವಿನ್ ಎಪ್‌ಸ್ಟೀನ್, ಪೊಟ್ಜೊ ಆಗಿ ಕರ್ಟ್ ಕಾಸ್ನರ್. ಮೊದಲ ತಂಡದಿಂದ ಮುಂದುವರಿದ ಮುಖ್ಯ ನಟ ಲಾರ್ ಒಬ್ಬನೇ. ಜಾನ್ ಗೋಲ್ಡನ್ ಥಿಯೇಟರಿನಲ್ಲಿ ಸುಮಾರು ಅರವತ್ತು ಪ್ರದರ್ಶನ ನಡೆಯಿತು. ಬ್ರಿಟಿಷ್ ವಿಮರ್ಶಕ ಕೆನೆತ್ ಟೈನನ್ ಲಾರ್‌ನಿಂದಲೇ ಈ ಪ್ರಯೋಗ ಬೇರೊಂದು ಮಟ್ಟಕ್ಕೆ ಏರಿತೆಂದು ಬರೆದ.

ಕೊಲಂಬಿಯಾ ಕಂಪನಿ ಆ ಪ್ರಯೋಗವನ್ನು ಧ್ವನಿಮುದ್ರಿಸಿ ಗ್ರಾಮಫೋನ್ ತಟ್ಟೆಗಳಾಗಿ ತಂದದ್ದು ನಮ್ಮ ಪುಣ್ಯ. ಅದನ್ನು ಕೇಳಿದರೆ ಪುಸ್ತಕದಲ್ಲಿ ಓದಿದ ಗೋಡೋ ಬೇರೆಯೇ ಆಗುತ್ತದೆ. ವಾಕ್ಯಗಳ ನಡುವಿನ ಮೌನಗಳನ್ನು ನಾವು ಅಧ್ಯಾತ್ಮವೆಂದು ಓದಿರುತ್ತೇವೆ. ಲಾರ್‌ನ ಬಾಯಲ್ಲಿ ಅವು ಮೊದಲು ತಮಾಷೆಗೆ ಕಾಯುವ ಮೌನಗಳು. ತಮಾಷೆ ಬರುವುದಿಲ್ಲ ಎಂದು ತಿಳಿದಾಗ ಅದೇ ಮೌನ ಇನ್ನೇನೋ ಆಗುತ್ತದೆ. ಈ ಕ್ರಮ ಮುಖ್ಯ. ನಗೆಯ ನಿರೀಕ್ಷೆ ಹುಟ್ಟಿಸದವನು ಆ ನಿರೀಕ್ಷೆಯ ಸೋಲನ್ನೂ ತೋರಿಸಲಾರ. ನಾನು ನೋಡಿದ ಕೆಲವು ಕನ್ನಡ, ಇಂಗ್ಲಿಷ್ ಗೋಡೋ ಪ್ರಯೋಗಗಳು ಮೊದಲ ನಿಮಿಷದಿಂದಲೇ ಸೋತ ಮುಖ ಹೊತ್ತು ಬರುತ್ತವೆ. ಎರಡು ತಾಸು ಆ ಮುಖವನ್ನೇ ನೋಡಬೇಕು.

ಹಾಗೆಂದು ಶ್ನೈಡರ್‌ನ ಆಕ್ಷೇಪವನ್ನು ತಳ್ಳಿಹಾಕಲಾರೆ. ವ್ಲಾದಿಮೀರ್ ಬರೀ ಸ್ಟ್ರೇಟ್‌ಮ್ಯಾನ್ ಆದರೆ ನಾಟಕಕ್ಕೆ ನಷ್ಟವಿದೆ. ನೆನಪಿಟ್ಟುಕೊಳ್ಳುವವನು ಅವನು; ಎಸ್ಟ್ರಗಾನ್ ಮಲಗಿದಾಗ ಎಚ್ಚರವಾಗಿ ಉಳಿದು, ತನ್ನನ್ನೂ ಯಾರೋ ನೋಡುತ್ತಿರಬಹುದೇ ಎಂದು ಅನುಮಾನಿಸುವವನು ಅವನು. ಎರಡನೆಯ ಅಂಕದ ಆ ಏಕಾಂತದ ಮಾತು ಬರುವ ಹೊತ್ತಿಗೆ ಪ್ರೇಕ್ಷಕರ ಮನಸ್ಸು ಪೂರ್ತಿ ಎಸ್ಟ್ರಗಾನನ ಕಡೆ ವಾಲಿದ್ದರೆ ವ್ಲಾದಿಮೀರನ ನೋವು ಭಾಷಣದಂತೆ ಕೇಳುತ್ತದೆ. ಲಾರ್ ತಕ್ಕಡಿಯನ್ನು ವಾಲಿಸಿದ, ಅನುಮಾನವಿಲ್ಲ. ಆ ವಾಲುವಿಕೆಯಿಂದ ನಾಟಕದ ದೇಹ ಕಾಣಿಸಿತು: ಕಾಲುನೋವು, ಹಸಿವು, ನಿದ್ದೆ. ಬುದ್ಧಿಯ ಅರ್ಧ ಮಸುಕಾಯಿತು. ಎರಡರಲ್ಲಿ ಒಂದನ್ನು ಕಳೆದುಕೊಳ್ಳಲೇಬೇಕೆಂದರೆ ಬೆಕೆಟ್‌ನ ವಿಷಯದಲ್ಲಿ ನಾನು ದೇಹವನ್ನು ಉಳಿಸಿಕೊಳ್ಳುತ್ತೇನೆ, ಬುದ್ಧಿಯನ್ನು ಉಳಿಸಿಕೊಡಲು ವಿಶ್ವವಿದ್ಯಾಲಯಗಳಿವೆ. ಎಂಟು ವರ್ಷದ ಬಳಿಕ ಇದೇ ಶ್ನೈಡರ್ ಬೆಕೆಟ್‌ನ 'ಫಿಲ್ಮ್' ಎಂಬ ಕಿರುಚಿತ್ರವನ್ನು ನಿರ್ದೇಶಿಸಿದಾಗ ಅದರ ಮುಖ್ಯ ಪಾತ್ರದಲ್ಲಿದ್ದವನು ಬಸ್ಟರ್ ಕೀಟನ್. ಮತ್ತೊಬ್ಬ ವಾಡೆವಿಲ್ ಸಂತಾನ.

ಲಾರ್‌ನ ಖಾಸಗಿ ಬದುಕಿನ ಕತ್ತಲನ್ನು ಮುಂದೆ ತಂದು ಈ ಭಯಕ್ಕೆಲ್ಲ ಅದೇ ಕಾರಣ ಎನ್ನುವುದು ನನಗೆ ಇಷ್ಟವಿಲ್ಲ, ಆದರೆ ಹೇಳದೆ ಬಿಡಲೂ ಆಗದು. ಜೊತೆಗಾತಿ ಮರ್ಸಿಡಿಸ್ ಮಾನಸಿಕ ಕಾಯಿಲೆಗೆ ತುತ್ತಾಗಿ ಆಸ್ಪತ್ರೆ ಸೇರಿದಳು. ಆ ಮದುವೆ ಮುಗಿದು, 1940ರಲ್ಲಿ ಅವನು ಮತ್ತೆ ಮದುವೆಯಾದ. ಎರಡನೆಯ ಮದುವೆಯ ಮಗ ಜಾನ್ ಲಾರ್ ಮುಂದೆ ಅಮೆರಿಕದ ಪ್ರಮುಖ ರಂಗವಿಮರ್ಶಕರಾದರು. 1969ರಲ್ಲಿ ಅವರು ಅಪ್ಪನ ಬಗ್ಗೆ ಬರೆದ 'ನೋಟ್ಸ್ ಆನ್ ಎ ಕವರ್ಡ್ಲಿ ಲಯನ್' ನಟರ ಜೀವನಚರಿತ್ರೆಗಳಲ್ಲಿ ನಾನು ಮೆಚ್ಚುವ ಕೆಲವೇ ಪುಸ್ತಕಗಳಲ್ಲೊಂದು. ಮನೆಯಲ್ಲಿ ಮಾತಿಲ್ಲದ, ಸದಾ ಕಳವಳದ, ನಾಳೆ ಕೆಲಸ ಸಿಗದೇನೋ ಎಂದು ಹೆದರುತ್ತಿದ್ದ ಅಪ್ಪ ಅಲ್ಲಿದ್ದಾನೆ. ಅದೇ ಅಪ್ಪ ಒಂದು ತಮಾಷೆಯ ಹೊತ್ತುಗತಿಯನ್ನು ಸರಿಮಾಡಲು ಅಕ್ಕಸಾಲಿಗನಂತೆ ಕೂರುವುದನ್ನೂ ಮಗ ನೋಡುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದರಿಂದ ಇನ್ನೊಂದನ್ನು ವಿವರಿಸುವ ಆತುರ ತೋರದಿರುವುದು ಆ ಪುಸ್ತಕದ ಹೆಚ್ಚುಗಾರಿಕೆ.

ಹಾಸ್ಯಗಾರನ ಕೃತಿ ಯಾವುದು ಎಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋದದ್ದು ಈ ಕಥೆಯ ವಿಚಿತ್ರ ತಿರುವು. ಲೆಸ್ಟಾಯಿಲ್ ಎಂಬ ಸ್ವಚ್ಛಕಾರಿ ದ್ರಾವಣದ ಟಿವಿ ಜಾಹೀರಾತಿನಲ್ಲಿ ಒಂದು ಕಾರ್ಟೂನ್ ಬಾತುಕೋಳಿ ಲಾರ್‌ನಂತೆಯೇ ಮಾತಾಡಿತು. ದನಿ ಕೊಟ್ಟವನು ಬೇರೊಬ್ಬ. ಲಾರ್ ದಾವೆ ಹೂಡಿದ. ಹಾಡಿಗೆ ಹಕ್ಕುದಾರರಿದ್ದಾರೆ, ನಾಟಕಕ್ಕೆ ಇದ್ದಾರೆ. ಒಬ್ಬನ ಸ್ವರದ ಏರಿಳಿತಕ್ಕೆ, ಉಚ್ಚಾರದ ಸೊಟ್ಟತನಕ್ಕೆ, ಗಂಟಲಿನಿಂದ ಹೊರಡಿಸುವ ಅರ್ಥವಿಲ್ಲದ ಸದ್ದುಗಳಿಗೆ ಹಕ್ಕಿದೆಯೇ? 1962ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಇದು ವಿಚಾರಣೆಗೆ ಯೋಗ್ಯವಾದ ದೂರು ಎಂದಿತು. ಒಬ್ಬ ನಟನ ಮೌಲ್ಯ ಅಂಥ ವಿಶಿಷ್ಟ ದನಿಯಲ್ಲೇ ಇದ್ದಾಗ ಅದನ್ನು ನಕಲು ಮಾಡಿ ಮಾರುವುದು ಅನ್ಯಾಯದ ಪೈಪೋಟಿಯಾಗಬಹುದು ಎಂಬುದು ಅದರ ನಿಲುವು. ಯಂತ್ರಗಳು ಯಾರ ದನಿಯನ್ನಾದರೂ ಎರವಲು ಪಡೆಯುವ ಈ ದಿನಗಳಲ್ಲಿ ಆ ತೀರ್ಪನ್ನು ಮತ್ತೆ ತೆಗೆದು ಓದಬೇಕು. ವಿಮರ್ಶಕರು ಲಾರ್‌ನನ್ನು ಇನ್ನೂ 'ಬೆಕೆಟ್ ಎತ್ತಿದ ಕೋಡಂಗಿ' ಎನ್ನುತ್ತಿದ್ದಾಗ, ಅವನ ಸದ್ದುಗಳು ಅವನದೇ ರಚನೆ ಎಂದು ಗುರುತಿಸಿದವರು ನ್ಯಾಯಾಧೀಶರು.

ಕೊನೆಯ ದಶಕದಲ್ಲಿ ಅವನು ಮಾಡಿದ ಪಾತ್ರಗಳ ಪಟ್ಟಿ ಸಾಹಿತ್ಯ ವಿದ್ಯಾರ್ಥಿಯ ಪಠ್ಯಕ್ರಮದಂತಿದೆ. 1960ರಲ್ಲಿ ಶೇಕ್ಸ್‌ಪಿಯರ್‌ನ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್'ನ ಬಾಟಮ್, ಅಂದರೆ ಕತ್ತೆಯ ತಲೆ ಹೊತ್ತ ನೇಯ್ಗೆಯವನು. ಇದೇ ನಾಟಕದಲ್ಲಿ ಸಿಂಹದ ಪಾತ್ರವನ್ನೂ ನನಗೇ ಕೊಡಿ ಎಂದು ಬಾಟಮ್ ಗೋಗರೆಯುತ್ತಾನೆ. ಪ್ರೇಕ್ಷಕರು ಆಗ ಏನು ನೆನೆದು ನಕ್ಕಿರಬೇಕು ಎಂದು ಊಹಿಸುವುದೇ ಒಂದು ಸುಖ. 1962ರ ಕೊನೆಗೆ ಎಸ್.ಜೆ. ಪೆರೆಲ್‌ಮನ್ ಬರೆದ 'ದಿ ಬ್ಯೂಟಿ ಪಾರ್ಟ್'ನಲ್ಲಿ ಹಲವು ವೇಷ; ನ್ಯೂಯಾರ್ಕಿನ ಪತ್ರಿಕೆಗಳ ಮುಷ್ಕರದ ನಡುವೆ ತೆರೆಕಂಡು ನಾಟಕ ಬೇಗ ಮುಚ್ಚಿತು. ಬೆನ್ ಜಾನ್ಸನ್‌ನ 'ವೋಲ್ಪೋನಿ'ಯನ್ನು ಚಿನ್ನ ಅಗೆಯುವವರ ಯೂಕಾನ್‌ಗೆ ಒಯ್ದ 'ಫಾಕ್ಸಿ'ಗೆ 1964ರಲ್ಲಿ ಟೋನಿ ಪ್ರಶಸ್ತಿ ಬಂತು, ನಾಟಕ ಮಾತ್ರ ಹೆಚ್ಚು ದಿನ ಓಡಲಿಲ್ಲ. 1966ರಲ್ಲಿ ಮಿಶಿಗನ್ನಿನ ಇಪ್ಸಿಲ್ಯಾಂಟಿಯಲ್ಲಿ ಅರಿಸ್ಟೊಫೆನಿಸ್‌ನ 'ದಿ ಬರ್ಡ್ಸ್'. ಇವುಗಳ ಜೊತೆಗೇ ಲೇಸ್ ಆಲೂಗಡ್ಡೆ ಚಿಪ್ಸಿನ ಟಿವಿ ಜಾಹೀರಾತುಗಳು. ಬೀದಿಯಲ್ಲಿ ಜನ ಗುರುತು ಹಿಡಿಯುತ್ತಿದ್ದದ್ದು ಇವುಗಳಿಂದ. ಬೆಕೆಟ್, ಶೇಕ್ಸ್‌ಪಿಯರ್, ಜಾನ್ಸನ್, ಅರಿಸ್ಟೊಫೆನಿಸ್ ನಾಲ್ವರನ್ನೂ ಹತ್ತು ವರ್ಷದಲ್ಲಿ ಆಡಿದ ಅಮೆರಿಕನ್ ನಟರು ಎಷ್ಟಿದ್ದಾರು? ನಾಲ್ವರಿಗೂ ಅವನು ತಂದುಕೊಟ್ಟದ್ದು ಮಾತ್ರ ಆ ಅಮಲೇರಿದ ಪೋಲೀಸಿನವನನ್ನೇ.

ಈ ರಂಗಪ್ರಯೋಗಗಳನ್ನು ಇವತ್ತು ನೋಡುವ ಹಾಗಿಲ್ಲ. ನಮಗೆ ಉಳಿದಿರುವುದು ಒಂದು ಸಿಂಹ, ಕೆಲವು ಸಾಧಾರಣ ಚಿತ್ರಗಳು, ಗೋಡೋದ ಧ್ವನಿಮುದ್ರಿಕೆ, ಚಿಪ್ಸ್ ತಿನ್ನುವ ಮುದುಕ. 1967ರ ಡಿಸೆಂಬರ್ 4ರಂದು ತೀರಿಕೊಂಡಾಗ ಲಾರ್ 'ದಿ ನೈಟ್ ದೆ ರೇಡೆಡ್ ಮಿನ್‌ಸ್ಕೀಸ್' ಚಿತ್ರದಲ್ಲಿ ನಟಿಸುತ್ತಿದ್ದ. ಕಥೆ 1920ರ ದಶಕದ ಬರ್ಲೆಸ್ಕ್‌ನದು, ಅವನದು ನಿವೃತ್ತ ಹಾಸ್ಯಗಾರನ ಪಾತ್ರ. ಚಿತ್ರೀಕರಣ ಅರ್ಧಕ್ಕೆ ನಿಂತಿತ್ತು. ಪರೀಕ್ಷೆಗೆಂದು ತೆಗೆದಿದ್ದ ತುಣುಕುಗಳನ್ನು ಸೇರಿಸಿ, ಹಳೆಯ ಬರ್ಲೆಸ್ಕ್ ನಟನೊಬ್ಬನನ್ನು ಬೆನ್ನು ತೋರಿಸಿ ನಿಲ್ಲಿಸಿ ಉಳಿದದ್ದನ್ನು ಮುಗಿಸಿದರು. ದನಿಗೂ ಬದಲಿ ಇಟ್ಟರು. ಆ ಅನುಕರಣೆ ಮಾಡಿದವನ ಹೆಸರು ಚಿತ್ರದ ಶೀರ್ಷಿಕೆಗಳಲ್ಲಿಲ್ಲ.